ಬೋಳು ಕಂಬಿ

"ಬಾಟಲಿ ಎಲ್ಲಾ ಕಿತ್ ಹಾಕಿ. ನಾಳೆ ಸಾಹುಕಾರ್ರು ಮನೆ ಕೊಳ್ಳೋರನ್ನ ಕರ್ಕೊಂಡ್ ಬರ್ತಾರೆ," ಎಂದ ಮೇಸ್ತ್ರಿ.

ಮೊಂಡಿ ಜಲ್ಲಿ ರಾಶಿಯ ಮೇಲೆ ಕೂತು ಸಿಂಬೆ ಸುತ್ತುತ್ತಿದ್ದಳು. ಮರುದಿನ ಮೋಲ್ಡು, ಅಂದರೆ ಮೇಲಂತಸ್ತಿನ ತಾರಸಿಗೆ ಕಾಂಕ್ರೀಟು ಹಾಕುವ ದಿನ. ಅವತ್ತು ಹೆಂಗಸರ ತಲೆಗೆ ಬಿಡುವಿಲ್ಲ. ಹಳೆಯ ಬಟ್ಟೆಯನ್ನು ಹುರಿಮಾಡಿ ಒಳ್ಳೆಯ ಸಿಂಬೆ ಸುತ್ತಿಕೊಳ್ಳದಿದ್ದರೆ ತುಂಬಿದ ಬಾಂಡ್ಲಿ ನೆತ್ತಿಯ ಕೂದಲನ್ನೂ ತಿನ್ನುತ್ತದೆ, ಚರ್ಮವನ್ನೂ ತಿನ್ನುತ್ತದೆ. ಹಿಡಿದ ಹಟ ಬಿಡದವಳೆಂದು ಜೊತೆಯವರು ಅವಳನ್ನು ಮೊಂಡಿ ಅನ್ನುತ್ತಿದ್ದರು. ಆದರೆ ಆ ಹಟವೆಲ್ಲ ಮನೆಯೊಳಗೆ, ನಲ್ಲಿಯ ಮುಂದೆ, ಗಂಡನ ಜೊತೆ. ಮೇಸ್ತ್ರಿಯ ಮುಂದೆ ಅವಳ ನಾಲಿಗೆ ಹಲ್ಲಿನ ಹಿಂದೆಯೇ ಇರುತ್ತಿತ್ತು.

ಬಾಯಿ ತೆರೆದವಳು ಅವಳ ನಾದಿನಿ ಚೂಟಿ.

"ಯಾಕ್ ಮೇಸ್ತ್ರಿ, ಬಾಟಲಿ ನಿಮ್ ಕಣ್ಣಿಗೆ ಚುಚ್ತಾ?"

"ನನ್ ಕಣ್ಣಿಗಲ್ಲಮ್ಮ ತಾಯಿ, ಸಾಹುಕಾರ್ರ ಕಣ್ಣಿಗೆ. ಮನೆ ಮುಂಭಾಗದ ಫೋಟೋ ತೆಗೀಬೇಕಂತೆ. ಗುಜರಿ ಅಂಗಡಿ ಥರ ಕಾಣ್ತದಂತೆ."

"ಕಾಣ್ಲಿ ಬಿಡಿ. ಕಾಣೋಕೆ ಅವರಿಗೆ ಎರಡು ಕಣ್ಣಾದ್ರೂ ಇದಾವೆ. ನಮ್ಮಣ್ಣನಿಗೆ ಒಂದೇ."

ಸುತ್ತಲಿದ್ದವರು ನಕ್ಕರು. ಚೂಟಿಯ ಅಣ್ಣ, ಮೊಂಡಿಯ ಗಂಡ, ಅಲ್ಲೇ ನಿಂತಿದ್ದ. ಎಲ್ಲರ ಬಾಯಲ್ಲೂ ಅವನು ಒಕ್ಕಣ್ಣ. ಅವನು ನಗಲಿಲ್ಲ. ನೆಲ ನೋಡಿದ.

ಒಕ್ಕಣ್ಣ ಮೊದಲು ಕಂಬಿ ಕಟ್ಟುವವನಾಗಿದ್ದ. ಹಿಂದಿನ ಕಟ್ಟಡದಲ್ಲಿ ಕೈಯಿಂದ ಜಾರಿದ, ತಂತಿ ಬಿಗಿಯುವ ಕೊಕ್ಕೆಯನ್ನು ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದ ಜಾಗದಲ್ಲಿ ಒಂದು ಕಂಬಿ ಎದ್ದು ನಿಂತಿತ್ತು. ಅಷ್ಟೇ. ಕೂಗಲೂ ಹೊತ್ತು ಸಿಗಲಿಲ್ಲ. ಆಮೇಲೆ ಮೇಸ್ತ್ರಿ ಅವನನ್ನು ಕೆಲಸದಿಂದ ಬಿಡಿಸಲಿಲ್ಲ, ವೈಬ್ರೇಟರ್ ಹಿಡಿಯುವ ಕೆಲಸ ಕೊಟ್ಟ. ಹಸಿ ಕಾಂಕ್ರೀಟಿನೊಳಗೆ ಕೊಳವೆ ಇಳಿಸಿ ಅದುರಿಸಿ ಒಳಗಿನ ಗಾಳಿ ಹೊರಡಿಸುವ ಯಂತ್ರ ಅದು. ಒಂದು ಕಣ್ಣಿದ್ದರೂ ಸಾಕು. ಅವತ್ತಿನಿಂದ ಒಕ್ಕಣ್ಣನಿಗೆ ಮೇಸ್ತ್ರಿ ಎಂದರೆ ಅನ್ನ ಹಾಕಿದ ಕೈ. "ಬೇರೆಯವರಾಗಿದ್ರೆ ಬೀದಿಗೆ ಹಾಕ್ತಿದ್ರು" ಎಂದು ಹೆಂಡತಿಯ ಮುಂದೆ ಹೇಳುತ್ತಲೇ ಇರುತ್ತಿದ್ದ. ಮೊಂಡಿಗೆ ಅದು ಕೇಳಿ ಕೇಳಿ ಸಾಕಾಗಿತ್ತು. "ಕಣ್ಣು ಕಿತ್ಕೊಂಡು ಕನ್ನಡಕ ಕೊಟ್ಟೋರಿಗೆ ಅಡ್ಡ ಬೀಳು, ಬೀಳು" ಎನ್ನುತ್ತಿದ್ದಳು.

ಬಾಟಲಿ ಚೂಟಿಯ ಉಪಾಯ. ಅಣ್ಣನ ಕಣ್ಣು ಹೋದಮೇಲೆ ಅವಳೇ ಅವನ ಕೊಕ್ಕೆ ಹಿಡಿದು ಕಂಬಿ ಕಟ್ಟಲು ನಿಂತಳು. ಗಂಡಸರು ಮೊದಮೊದಲು ನಕ್ಕರು. ಅವಳ ಕೈ ಓಡುವುದನ್ನು ನೋಡಿ ನಗು ನಿಲ್ಲಿಸಿದರು. ಅವಳು ಎಲ್ಲಿ ಕಂಬಿ ನಿಲ್ಲಿಸಿದರೂ ಅದರ ತುದಿಗೊಂದು ಖಾಲಿ ನೀರಿನ ಬಾಟಲಿ ಬೋರಲು ಹಾಕುತ್ತಿದ್ದಳು. ಬಾಟಲಿ ಸಿಗದಿದ್ದರೆ ಚಿಂದಿ ಸುತ್ತುತ್ತಿದ್ದಳು, ಹಳೆಯ ಚಪ್ಪಲಿ ಚುಚ್ಚುತ್ತಿದ್ದಳು. ಬರಬರುತ್ತ ಎಲ್ಲರೂ ಅದನ್ನೇ ಕಲಿತರು. ನೀರು ಕುಡಿದ ಬಾಟಲಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಗಾಳಿ ಬೀಸಿದರೆ ಬಾಟಲಿಗಳೆಲ್ಲ ಸೇರಿ ಗಲಗಲ ಅನ್ನುತ್ತಿದ್ದವು. ಆ ಸದ್ದಿಗೆ ಹೆಂಗಸರ ಕಿವಿ ಒಗ್ಗಿತ್ತು. ಸದ್ದು ಬಂದ ಕಡೆಗೆ ಮೈ ತಾನಾಗಿಯೇ ಓರೆಯಾಗುತ್ತಿತ್ತು.

ಈ ಕಟ್ಟಡದ ಮುಂದೆ ದೊಡ್ಡ ಮೊಗಸಾಲೆ ಬರಬೇಕಿತ್ತು. ಅದರ ಕಂಬಗಳನ್ನು ಸೊಂಟದೆತ್ತರಕ್ಕೆ ಎಬ್ಬಿಸಿ ಬಿಟ್ಟಿದ್ದರು. ಒಂದೊಂದು ಕಂಬದ ತಲೆಯಿಂದಲೂ ಕಂಬಿಗಳು ಆಳೆತ್ತರಕ್ಕೆ ಎದ್ದು ನಿಂತಿದ್ದವು. ಯಂತ್ರದಲ್ಲಿ ಓರೆಯಾಗಿ ಕೊಯ್ದ ತುದಿಗಳು. ಕಂಬಗಳಿಗೆ ತಾಗಿಕೊಂಡೇ ಮೇಲಕ್ಕೆ ಹತ್ತುವ ಹಲಗೆ ದಾರಿ. ನಾಳೆ ಬಾಂಡ್ಲಿ ಹೊತ್ತ ಹೆಂಗಸರೆಲ್ಲ ಆ ಹಲಗೆಯ ಮೇಲೇ ಹತ್ತಬೇಕು, ಇಳಿಯಬೇಕು. ಒಂದು ಹೆಜ್ಜೆ ಆಚೆ ಹೋದರೆ ಕೆಳಗೆ ಕಂಬಿ.

"ಮೇಸ್ತ್ರಿ, ಮೋಲ್ಡ್ ಮುಗೀಲಿ, ಆಮೇಲೆ ತೆಗೀತೀವಿ," ಎಂದಳು ಚೂಟಿ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಹಿಂದೆ ಒಬ್ರು ಕಂಬಿ ಮೇಲೆ ಬಿದ್ದಿದ್ದನ್ನ ನೀವೇ ಹೇಳಿದ್ರಲ್ಲ. ನೀವೇ ಎಳೆದು ಬಿಡಿಸಿದ್ದು. ಏನಾಯ್ತು ಅಂತಾನೂ ನೀವೇ ಹೇಳಿದ್ರಿ."

ಹೇಳಿದ್ದ. ಒಂದು ಸಂಜೆ ಕುಡಿದು, ಹೆಂಗಸರ ಮುಂದೆ ಹೆಂಗಸಿಗಿಂತ ಹೆಚ್ಚಾಗಿ ಅತ್ತು ಹೇಳಿದ್ದ. ಕಂಬಿಯಿಂದ ಮನುಷ್ಯನನ್ನು ಎಳೆದೆ, ಕಂಬಿ ಈಚೆ ಬಂತು, ಜೀವವೂ ಅದರ ಹಿಂದೆಯೇ ಹರಿದುಬಂತು, ಎಳೆಯಬಾರದಿತ್ತು, ಕಂಬಿ ಕೊಯ್ಯಬೇಕಿತ್ತು ಎಂದಿದ್ದ. ಮೇಸ್ತ್ರಿಯಾಗುವ ಮುಂಚೆ ಅವನೂ ಸಲಿಕೆ ಹಿಡಿದವನೇ. ಕುಡಿದಾಗ ಅದು ಅವನ ನೆನಪಿಗೆ ಬರುತ್ತಿತ್ತು. ಕುಡಿದದ್ದು ಇಳಿದರೆ ಅದೂ ಇಳಿಯುತ್ತಿತ್ತು.

"ಹೇಳಿದ್ದಕ್ಕೆಲ್ಲ ತಲೆ ಕೊಡ್ಬೇಡ," ಎಂದು ಮೇಸ್ತ್ರಿ ಒಕ್ಕಣ್ಣನ ಕಡೆ ತಿರುಗಿದ. "ಲೋ, ನೀನು ತೆಗೆಯೋ."

ಒಕ್ಕಣ್ಣ ಚೀಲ ತಂದ. ಒಂದೊಂದೇ ಬಾಟಲಿ ಕಿತ್ತು ಚೀಲಕ್ಕೆ ಹಾಕಿದ. ಕಂಬಿಗೆ ಕಣ್ಣು ಕೊಟ್ಟವನೇ ಕಂಬಿಯನ್ನು ಬೋಳು ಮಾಡಿದ. ಮೊಂಡಿ ನೋಡುತ್ತ ಕೂತಳು. ಅವಳ ಕೈಯಲ್ಲಿ ಸಿಂಬೆಯ ಬಟ್ಟೆ ಹುರಿಯಾಗಿ, ಇನ್ನೂ ಹುರಿಯಾಗಿ, ಹರಿಯುವಷ್ಟು ಬಿಗಿಯಾಯಿತು. ಗಂಡನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ತನ್ನ ಮೇಲೇ ಬಂತು. ಎದ್ದು ಹೋಗಿ ಆ ಚೀಲ ಕಸಿದುಕೊಳ್ಳಬಹುದಿತ್ತು. ಕೂತೇ ಇದ್ದಳು.

ತಾರಸಿ ಆರದಂತೆ ನೀರು ಹಾಕುವ ಮುದುಕಿಯೊಬ್ಬಳಿದ್ದಳು. ಎಲ್ಲರಿಗೂ ನೀರಜ್ಜಿ. ಅವಳು ಚೀಲವನ್ನು ನೋಡಿ ಉಗುಳಿದಳು. "ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ."

ಚೀಲವನ್ನು ಹಿಂಬದಿಯ ಗುಂಡಿಗೆ ಎಸೆದರು. ಸಂಜೆ ಗಾಳಿ ಬೀಸಿತು. ಗಲಗಲ ಸದ್ದು ಬರಲಿಲ್ಲ. ಕೈಕಾಲು ತೊಳೆಯುತ್ತಿದ್ದ ಹೆಂಗಸರು ಏನೋ ಮರೆತವರಂತೆ ಮುಂಭಾಗದ ಕಡೆ ತಿರುಗಿ ನೋಡಿದರು.

"ಅತ್ತಿಗೆ," ಎಂದಳು ಚೂಟಿ, ಕಾಲಿನ ಸಿಮೆಂಟು ಉಜ್ಜುತ್ತ. "ನಾಳೆ ನಾನೂ ಬಾಂಡ್ಲಿ ಹೊರ್ತೀನಿ. ನಿನ್ನ ಹಿಂದೇನೇ ಬರ್ತೀನಿ. ನೀನು ದಪ್ಪಗಿದೀಯ, ಬಿದ್ರೆ ನಿನ್ ಮೇಲೇ ಬೀಳ್ತೀನಿ."

"ಬಾಯಿ ಮುಚ್ಚೇ. ಒಳ್ಳೇದು ಆಡು."

"ಒಳ್ಳೇದೇ ಆಡಿದ್ದು. ಮೆತ್ತಗಿರುತ್ತೆ."

ಮೊಂಡಿ ನೀರು ತೆಗೆದು ಅವಳ ಮುಖಕ್ಕೆ ಎರಚಿದಳು. ಇಬ್ಬರೂ ನಕ್ಕರು. ಆದರೆ ಮೊಂಡಿಗೆ ಆ ಮಾತು ಹಿಡಿಸಲಿಲ್ಲ.

ಬೆಳಿಗ್ಗೆ ಮಿಕ್ಸರ್ ತಿರುಗಿತು. ಜಲ್ಲಿ, ಮರಳು, ಸಿಮೆಂಟು, ನೀರು ಅದರ ಹೊಟ್ಟೆಗೆ ಬಿದ್ದು ಬೂದು ಗಂಜಿಯಾಗಿ ಈಚೆ ಬಂತು. ಸಲಿಕೆಯವರು ಬಾಂಡ್ಲಿಗೆ ತುಂಬಿದರು. ಹೆಂಗಸರು ತಲೆ ಕೊಟ್ಟರು.

"ಕೇಳಿಸ್ಕೊಳ್ಳಿ," ಎಂದು ಮೇಸ್ತ್ರಿ ಕೂಗಿದ. "ಶುರುವಾದ್ಮೇಲೆ ಆಕಾಶ ಕಳಚಿ ಬಿದ್ರೂ ಕೈ ನಿಲ್ಲಬಾರದು. ಉಣ್ಣೋರು ಸರದಿ ಮೇಲೆ ಉಣ್ಣಿ. ಹೇಲೋರು ಉಚ್ಚೆ ಹೊಯ್ಯೋರು ಈಗಲೇ ಮುಗಿಸ್ಕೊಳ್ಳಿ."

ಅದು ಮೋಲ್ಡಿನ ಕಟ್ಟಳೆ. ಎಲ್ಲರಿಗೂ ಗೊತ್ತು. ನಡುವೆ ನಿಲ್ಲಿಸಿದರೆ ಹಾಕಿದ ಕಾಂಕ್ರೀಟು ಗಟ್ಟಿಯಾಗುತ್ತದೆ. ಆಮೇಲೆ ಹಾಕಿದ್ದು ಅದಕ್ಕೆ ಕೂಡಿಕೊಳ್ಳುವುದಿಲ್ಲ. ನಡುವೆ ಬೆಸುಗೆ ಬಿಟ್ಟ ಗೆರೆ ಉಳಿಯುತ್ತದೆ, ಎಷ್ಟು ಗಾರೆ ಮೆತ್ತಿದರೂ ಮಳೆಗೆ ಅಲ್ಲೇ ಸೋರುತ್ತದೆ. ಅದಕ್ಕೇ ಹಾಲು ಕುಡಿಸುವ ತಾಯಂದಿರೂ ಅವತ್ತು ಎದೆ ಕಟ್ಟಿಕೊಂಡು ಹೊರುತ್ತಾರೆ. ಮೊಂಡಿ ಹಾಗೆ ಹೊತ್ತಿದ್ದಳು. ರವಿಕೆ ಒದ್ದೆಯಾಗಿ, ಅದರ ಮೇಲೆ ಸಿಮೆಂಟಿನ ನೀರು ಸುರಿದು, ಎದೆಯ ಚರ್ಮ ಸುಟ್ಟಂತೆ ಎದ್ದು ಬಂದಿತ್ತು. ಕೂಸು ಆ ಎದೆಗೆ ಬಾಯಿಟ್ಟು ಅತ್ತಿತ್ತು. ಈಗ ಆ ಕೂಸು ದೊಡ್ಡದಾಗಿ ಅಜ್ಜಿಯ ಮನೆಯಲ್ಲಿದೆ. ಚರ್ಮ ಮಾತ್ರ ಹಾಗೇ ಇದೆ.

ಹತ್ತುವ ಸಾಲು, ಇಳಿಯುವ ಸಾಲು. ಹತ್ತುವಾಗ ಕುತ್ತಿಗೆ ಭುಜದೊಳಕ್ಕೆ ಇಳಿಯುತ್ತದೆ. ಮೇಲೆ ಹೋಗಿ ಬಾಂಡ್ಲಿ ಬಗ್ಗಿಸಿದ ಒಂದು ಗಳಿಗೆ ತಲೆ ಹಾರಿಹೋದಷ್ಟು ಹಗುರ. ಮತ್ತೆ ಇಳಿ, ಮತ್ತೆ ತುಂಬು. ಬಾಂಡ್ಲಿಯಿಂದ ತುಳುಕಿದ ಗಂಜಿ ಹಲಗೆಯ ಮೇಲೆ ಬಿದ್ದು ಲೋಳೆಯಾಗುತ್ತಿತ್ತು. ಬರಿಗಾಲ ಬೆರಳುಗಳನ್ನು ಒತ್ತಿ ಹಿಡಿದು ನಡೆಯಬೇಕು. ಮೇಲೆ ಒಕ್ಕಣ್ಣ ವೈಬ್ರೇಟರ್ ಹಿಡಿದು ಅದುರುತ್ತಿದ್ದ. ಹಿತ್ತಿಲಲ್ಲಿ ಜನರೇಟರ್ ಗುಡುಗುಟ್ಟುತ್ತಿತ್ತು. ಇದ್ದದ್ದು ಒಂದೇ ಜನರೇಟರ್. ಅದು ವೈಬ್ರೇಟರಿಗಾದರೆ ಕಂಬಿ ಕೊಯ್ಯುವ ಯಂತ್ರಕ್ಕಿಲ್ಲ, ಕೊಯ್ಯುವ ಯಂತ್ರಕ್ಕಾದರೆ ವೈಬ್ರೇಟರಿಗಿಲ್ಲ.

ಹಲಗೆಯ ಮಗ್ಗುಲಲ್ಲಿ ಬೋಳು ಕಂಬಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೊಂಡಿ ಅತ್ತ ನೋಡಬಾರದೆಂದುಕೊಂಡಳು. ಪ್ರತಿ ಸಲವೂ ನೋಡಿದಳು.

ಹೊತ್ತು ಏರಿದಮೇಲೆ ಸಾಹುಕಾರನ ಬಿಳಿ ಕಾರು ಬಂತು. ಮನೆ ಕೊಳ್ಳುವ ಗಂಡ ಹೆಂಡತಿ ಹಿಂದಿನಿಂದ ಇಳಿದರು. ಹೆಂಡತಿ ಮೂಗಿಗೆ ಕರವಸ್ತ್ರ ಹಿಡಿದಳು. ಸಾಹುಕಾರ ಕೈಯಾಡಿಸಿ ಇಲ್ಲಿ ಹೀಗೆ ಬರುತ್ತದೆ, ಅಲ್ಲಿ ಹಾಗೆ ಬರುತ್ತದೆ ಎಂದು ಇಲ್ಲದ ಮನೆಯನ್ನು ತೋರಿಸಿದ. ಗಂಡ ಫೋನು ತೆಗೆದು ಕಟ್ಟಡದ ಕಡೆ ಹಿಡಿದ. ಹಿಡಿದು ಮುಖ ಹುಳ್ಳಗೆ ಮಾಡಿದ.

"ಈ ಹೆಂಗಸರು ಅಡ್ಡ ಬರ್ತಿದಾರಲ್ಲ."

ಸಾಹುಕಾರ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಹಲಗೆಯ ಕಡೆ ಓಡಿಬಂದ.

"ಏ, ಪಕ್ಕಕ್ಕೆ ಸರೀರಿ! ಆ ಅಂಚಿಗೆ, ಆ ಅಂಚಿಗೆ! ನಿಲ್ಬೇಡಿ, ನಡೀತಾನೇ ಸರೀರಿ!"

ನಿಲ್ಲಬಾರದು. ಕಾಣಿಸಲೂಬಾರದು. ತಲೆಯ ಮೇಲೆ ತುಂಬಿದ ಬಾಂಡ್ಲಿ ಹೊತ್ತ ಹೆಂಗಸರು ಲೋಳೆಯ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಅಂಚಿಗೆ ಸರಿದರು. ಮೊಂಡಿ ಸರಿದಳು. ಅವಳ ಹಿಂದಿದ್ದ ಚೂಟಿಯೂ ಸರಿದಳು.

ಮೊಂಡಿಗೆ ಮೊದಲು ಕೇಳಿಸಿದ್ದು ಬಾಂಡ್ಲಿ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಕೂಗಿಲ್ಲ, ಅಳುವಿಲ್ಲ. ತಿರುಗಿ ನೋಡಿದಳು. ಹಲಗೆಯ ಮೇಲೆ ಯಾರೂ ಇರಲಿಲ್ಲ.

ಚೂಟಿ ಕೆಳಗೆ ಕಂಬಿಗಳ ನಡುವೆ ಸಿಕ್ಕಿಕೊಂಡಿದ್ದಳು. ಅರ್ಧ ಕೂತಂತೆ, ಅರ್ಧ ನೇತಾಡಿದಂತೆ. ಒಂದು ಕಂಬಿ ಅವಳ ತೊಡೆಯನ್ನು ಕೆಳಗಿನಿಂದ ಹೊಕ್ಕು ಮೇಲೆ ಹೊರಟಿತ್ತು. ಅದರ ತುದಿ ಈಗ ಹೊಳೆಯುತ್ತಿರಲಿಲ್ಲ.

"ಅತ್ತಿಗೆ," ಎಂದಳು ಚೂಟಿ. "ಬಾಂಡ್ಲಿ ಚೆಲ್ಲಿಹೋಯ್ತು."

ಮೊಂಡಿ ತನ್ನ ಬಾಂಡ್ಲಿಯನ್ನು ಎಲ್ಲಿ ಹಾಕಿದಳೋ, ಹಲಗೆಯಿಂದ ಹೇಗೆ ಹಾರಿದಳೋ. ಕಂಬವನ್ನು ಅಪ್ಪಿಕೊಂಡು ಕಂಬಿಗಳ ನಡುವೆ ನುಗ್ಗಿ, ನಾದಿನಿಯ ಸೊಂಟದ ಕೆಳಗೆ ಭುಜ ಕೊಟ್ಟು ನಿಂತಳು. ಸಿಂಬೆ ಇನ್ನೂ ತಲೆಯ ಮೇಲೇ ಇತ್ತು. ಚೂಟಿಯ ಭಾರ ಆ ಸಿಂಬೆಯ ಮೇಲೆ, ಭುಜದ ಮೇಲೆ ಬಂತು. ಬಿಟ್ಟರೆ ಹುಡುಗಿ ಇನ್ನಷ್ಟು ಕೆಳಕ್ಕೆ ಇಳಿಯುತ್ತಾಳೆ. ಬೆಚ್ಚಗಿನದು ಮೊಂಡಿಯ ಕುತ್ತಿಗೆಯ ಮೇಲೆ ಹರಿದು ಎದೆಗೆ ಇಳಿಯಿತು.

"ಭಾರ ನನ್ ಮೇಲೆ ಹಾಕು ಕಣೇ. ಅಲ್ಲಾಡ್ಬೇಡ. ಪೂರ್ತಿ ಹಾಕು."

"ಹಾಕಿದೀನಿ. ಮೆತ್ತಗಿದೀಯ ಅಂದಿರ್ಲಿಲ್ವಾ," ಎಂದಳು ಚೂಟಿ. ಆಮೇಲೆ ಕಿರುಚಿದಳು. ಆ ಕಿರುಚು ನಿಲ್ಲಲಿಲ್ಲ.

ಮೇಸ್ತ್ರಿ ಬಂದ. ಸಾಹುಕಾರನೂ ಬಂದ. ಕೊಳ್ಳಲು ಬಂದವರು ಕಾರಿನ ಬಳಿಗೆ ಹಿಂದೆ ಸರಿದರು.

"ಎಳೆದು ಇಳಿಸ್ರೋ ಅವಳನ್ನ," ಎಂದ ಸಾಹುಕಾರ. "ನಾಲ್ಕು ಜನ ಹಿಡ್ಕೊಳ್ಳಿ."

"ಎಳೀಬೇಡಿ!" ಎಂದಳು ಮೊಂಡಿ, ಭಾರದ ಕೆಳಗಿನಿಂದ. "ಕಂಬಿ ಕೊಯ್ಯಿ. ಮೇಸ್ತ್ರಿ, ನಿಮಗೆ ಗೊತ್ತು. ಕಂಬಿ ಕೊಯ್ಸಿ."

ಮೇಸ್ತ್ರಿಗೆ ಗೊತ್ತಿತ್ತು. ಅವನ ಮುಖ ಸುಣ್ಣದಂತಾಗಿತ್ತು. ಅವನು ಸಾಹುಕಾರನ ಕಿವಿಯ ಬಳಿ ಏನೋ ಅಂದ. ಸಾಹುಕಾರನಿಗೆ ಕಿವಿಮಾತಿನ ಅಭ್ಯಾಸವಿರಲಿಲ್ಲ.

"ಕಂಬಿ ಕೊಯ್ದ್ರೆ ಕಂಬದ ಗತಿ ಏನಯ್ಯಾ? ಒಡೆದು ಮತ್ತೆ ಕಟ್ತೀಯಾ? ಯಂತ್ರ ಓಡಿಸ್ಬೇಕಾದ್ರೆ ವೈಬ್ರೇಟರ್ ನಿಲ್ಲಿಸ್ಬೇಕು, ಮೋಲ್ಡ್ ಅರ್ಧಕ್ಕೆ ನಿಂತ್ರೆ ತಾರಸಿ ಗತಿ ಏನು? ಇಷ್ಟು ಜನರ ಮುಂದೆ ನಾಟಕ ಬೇಡ. ಎಳೆದು ಇಳಿಸಿ, ಒಂದು ಗೋಣಿ ಸುತ್ತಿ ಮಲಗ್ಸಿ. ಆಂಬುಲೆನ್ಸ್‌ಗೆ ಹೇಳೋಣ. ಕೆಲಸ ನಿಲ್ಲಿಸ್ಬೇಡಿ."

ಮೇಸ್ತ್ರಿ ತಿರುಗಿದ. ಅವನ ಬಾಯಿಂದ ಬಂದದ್ದು ಅದೇ ಹಳೆಯ ಕೂಗು.

"ಕೈ ನಿಲ್ಲಿಸ್ಬೇಡ್ರೇ! ನಡೀರಿ, ನಡೀರಿ!"

ಮಿಕ್ಸರ್ ತಿರುಗುತ್ತಲೇ ಇತ್ತು. ಸಲಿಕೆಗಳು ತುಂಬುತ್ತಲೇ ಇದ್ದವು. ಹಲಗೆಯ ಮೇಲಿದ್ದ ಹೆಂಗಸರು ಬಾಂಡ್ಲಿ ಹೊತ್ತು ನಿಂತಿದ್ದರು, ಆ ಕೂಗಿಗೆ ಅವರ ಕಾಲುಗಳು ತಾವಾಗಿಯೇ ಒಂದು ಹೆಜ್ಜೆ ಇಟ್ಟವು. ಅಷ್ಟು ವರ್ಷಗಳ ರೂಢಿ. ಅದನ್ನು ಮೊಂಡಿ ನೋಡಿದಳು.

"ಬಾಂಡ್ಲಿ ಇಳಿಸ್ರೇ!" ಎಂದು ಕೂಗಿದಳು. "ಇವತ್ತು ಇವಳು, ನಾಳೆ ನೀವು! ಇಳಿಸ್ರೇ!"

"ಮೊಂಡಿ, ಬಾಯಿ ಮುಚ್ಚು. ಬಡವರ ಕೋಪ ದವಡೆಗೆ ಮೂಲ," ಎಂದ ಮೇಸ್ತ್ರಿ.

"ದವಡೆ ಇದ್ರೆ ತಾನೇ! ತಲೆ ತಿಂದ್ರಿ, ಕುತ್ತಿಗೆ ತಿಂದ್ರಿ, ಎದೆ ತಿಂದ್ರಿ, ಅವನ ಕಣ್ಣು ತಿಂದ್ರಿ. ಇನ್ನು ಇವಳ ಜೀವ. ಲೋ ಮೇಸ್ತ್ರಿ, ಆವತ್ತು ಕುಡಿದು ಅತ್ತೆಯಲ್ಲೋ. ಇವತ್ತು ಕುಡಿದಿಲ್ಲ ಅಂತ ಅಳು ಬರ್ಲಿಲ್ವಾ ನಿನಗೆ?"

ಅವನನ್ನು ಅವಳು ಯಾವತ್ತೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಹಲಗೆಯ ಮೇಲಿದ್ದವರೆಲ್ಲ ಕೇಳಿಸಿಕೊಂಡರು.

ಮೊದಲು ಇಳಿಸಿದವಳು ನೀರಜ್ಜಿ. ಅವಳ ತಲೆಯ ಮೇಲೆ ಇದ್ದದ್ದು ಬಾಂಡ್ಲಿಯಲ್ಲ, ನೀರಿನ ಕೊಡ. ಅದನ್ನು ಸಾಹುಕಾರನ ಮೆಟ್ಟಿನ ಮುಂದೆ ಕುಕ್ಕಿದಳು. ನೀರು ಅವನ ಕಾಲಿಗೆ ಹಾರಿತು. ಆಮೇಲೆ ಹಲಗೆಯ ಮೇಲಿನಿಂದ ಒಂದು ಬಾಂಡ್ಲಿ ದಬ್ಬೆಂದು ಬಿತ್ತು. ಇನ್ನೊಂದು ಬಿತ್ತು. ಬೂದು ಗಂಜಿ ಹಲಗೆಯಿಂದ ಹನಿಹನಿಯಾಗಿ ಇಳಿದು ಮೊಗಸಾಲೆಯ ಕಂಬಗಳ ಮೇಲೆ ಚೆಲ್ಲಿತು. ಸಲಿಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಲಿಕೆಗಳು ಕೆಳಗಿಳಿದವು.

ಆದರೆ ಮೇಲೆ ವೈಬ್ರೇಟರ್ ಇನ್ನೂ ಗುಂಯ್ಗುಡುತ್ತಿತ್ತು. ಒಕ್ಕಣ್ಣ ತಾರಸಿಯ ಅಂಚಿಗೆ ಬಂದು ನಿಂತಿದ್ದ. ಕೊಳವೆ ಕೈಯಲ್ಲೇ ಇತ್ತು. ಕೆಳಗೆ ತಂಗಿ. ತಂಗಿಯ ಭಾರ ಹೊತ್ತ ಹೆಂಡತಿ. ಎದುರಿಗೆ ಅನ್ನ ಹಾಕಿದ ಕೈ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿದ್ದ ಮನುಷ್ಯ.

"ನೀನು ಬಿಡ್ಬೇಡ ಕಣೋ," ಎಂದ ಮೇಸ್ತ್ರಿ ಮೇಲಕ್ಕೆ ನೋಡಿ. ಅವನ ದನಿ ಬೇಡುವಂತಿತ್ತು. "ನಿನ್ನ ನಾನು ಬಿಟ್ಟಿಲ್ಲ. ನನ್ನ ನೀನು ಬಿಡ್ಬೇಡ."

ಮೊಂಡಿ ಗಂಡನ ಕಡೆ ಕತ್ತೆತ್ತಲಾರದೆ ಹೋದಳು. ಭಾರ ಬಿಡುವಂತಿರಲಿಲ್ಲ. ನೆಲ ನೋಡುತ್ತಲೇ ಕೂಗಿದಳು.

"ಬಾಟಲಿ ಕಿತ್ತ ಕೈ ಅದು! ಇನ್ನೂ ಯಾಕೆ ಹಿಡ್ಕೊಂಡಿದೀಯ?"

ವೈಬ್ರೇಟರ್ ನಿಂತಿತು. ಒಕ್ಕಣ್ಣ ಕೊಳವೆಯನ್ನು ಹಸಿ ಕಾಂಕ್ರೀಟಿನಲ್ಲೇ ಬಿಟ್ಟು ಬಂದಿದ್ದ. ಜನರೇಟರಿನಿಂದ ಅದರ ವೈರು ಕಿತ್ತು, ಕೊಯ್ಯುವ ಯಂತ್ರದ ವೈರು ಸಿಕ್ಕಿಸಿ, ಯಂತ್ರ ಹೊತ್ತು ಓಡಿಬಂದ. ಮೇಸ್ತ್ರಿ ಅಡ್ಡ ಬರಲಿಲ್ಲ. ಸಾಹುಕಾರ ಅಡ್ಡ ಬಂದ. ನೀರಜ್ಜಿ ಖಾಲಿ ಕೊಡ ಎತ್ತಿ ಹಿಡಿದಳು. ಅವನು ಸರಿದ.

ಒಕ್ಕಣ್ಣ ಕಂಬದ ಬಳಿ ಮಂಡಿಯೂರಿದ. ಚೂಟಿಯ ತೊಡೆಯ ಕೆಳಗೆ ಕಂಬಿಗೆ ಯಂತ್ರದ ಚಕ್ರ ಮುಟ್ಟಿಸಿದ. ಕಿಡಿ ಎದ್ದು ಅವನ ಮುಖಕ್ಕೇ ಹಾರಿತು. ಇದ್ದದ್ದು ಒಂದೇ ಕಣ್ಣು. ಅವನು ಮುಖ ತಿರುಗಿಸಲಿಲ್ಲ. ಒಬ್ಬಳು ಒದ್ದೆ ಗೋಣಿ ಹಿಂಡಿ ಹಿಂಡಿ ಕಂಬಿಯ ಮೇಲೆ ನೀರು ಬಿಟ್ಟಳು. ಕಾದ ಕಂಬಿ ಚುಂಯ್ ಎಂದಿತು. ಚೂಟಿ ಅತ್ತಿಗೆಯ ಕೂದಲು ಹಿಡಿದುಕೊಂಡಿದ್ದಳು. ಬುಡ ಸಮೇತ ಕಿತ್ತು ಬರುತ್ತಿತ್ತು. ಮೊಂಡಿಗೆ ಗೊತ್ತಾಗಲಿಲ್ಲ.

ಕಂಬಿ ತುಂಡಾಯಿತು. ಹುಡುಗಿಯ ಪೂರ್ತಿ ಭಾರ ಒಮ್ಮೆಲೇ ಮೊಂಡಿಯ ಮೇಲೆ ಬಂತು.

ತೊಡೆಯೊಳಗಿನ ತುಂಡಿನ ಸಮೇತ ಅವಳನ್ನು ಎತ್ತಿ ಬಿಳಿ ಕಾರಿನ ಬಳಿಗೆ ತಂದರು. ಸಾಹುಕಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಆಂಬುಲೆನ್ಸ್ ಬರುತ್ತೆ ಅಂದೆನಲ್ಲ. ಇದರಲ್ಲಿ ಬೇಡ. ಸೀಟು..." ಎಂದು ಅರ್ಧಕ್ಕೆ ನಿಲ್ಲಿಸಿದ. ಅರ್ಧ ಸಾಕಾಗಿತ್ತು.

ಮಿಕ್ಸರಿನವನು ಅವತ್ತಿನವರೆಗೆ ಯಾರ ಜೊತೆಯೂ ಹೆಚ್ಚು ಮಾತಾಡಿದವನಲ್ಲ. ಅವನು ಮಿಕ್ಸರನ್ನು ಗೇಟಿನ ಕಡೆಗೆ ತಳ್ಳಿಸಿಕೊಂಡು ಬಂದು, ಕಾರಿನ ಮುಂದೆ, ಗೇಟಿಗೆ ಅಡ್ಡಲಾಗಿ, ಅದರ ಹೊಟ್ಟೆ ಬಗ್ಗಿಸಿದ. ಜಲ್ಲಿಯೂ ಗಂಜಿಯೂ ದಳದಳನೆ ಸುರಿದು ಗಾಲಿಗಳವರೆಗೆ ಹರಿಯಿತು.

"ಹಸಿ ಇರೋವಾಗ ಹೊರಟ್ರೆ ದಾಟ್ತೀರಿ ಸಾಹುಕಾರ್ರೇ," ಎಂದ. "ಬಿಸಿಲು ಜೋರಿದೆ. ಯೋಚನೆ ಮಾಡ್ತಾ ನಿಂತ್ರೆ ನಿಮ್ಮ ಕಾರೂ ಈ ಮನೆಗೊಂದು ಕಂಬ."

ಸಾಹುಕಾರ ಬಾಗಿಲು ತೆರೆದ.

ಆಸ್ಪತ್ರೆಯಲ್ಲಿ ಚೂಟಿಯನ್ನು ಒಳಗೆ ತೆಗೆದುಕೊಂಡು ಹೋದರು. ಮೊಂಡಿಯೂ ಒಕ್ಕಣ್ಣನೂ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಬೆಂಚಿನ ಮೇಲೆ ಕೂತರೆ ಕಲೆಯಾಗುತ್ತದೆಂದು ಯಾರೋ ಅಂದಿದ್ದರು. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದಳು. ಜೀವಕ್ಕೆ ಮೋಸವಿಲ್ಲ, ಕಂಬಿ ಎಳೆದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ, ಕಾಲಿನ ಮಾತು ಮಾತ್ರ ಈಗ ಹೇಳಲಾಗದು ಎಂದಳು. ಒಕ್ಕಣ್ಣ ಹೆಂಡತಿಯ ಕಾಲಿನ ಬಳಿ ತಲೆಯಿಟ್ಟು ಅತ್ತ. ಒಂದೇ ಕಣ್ಣಿನಿಂದ ಎರಡು ಕಣ್ಣಿನಷ್ಟು ನೀರು. ಮೊಂಡಿ ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಆ ತಲೆಯ ಮೇಲೆ ಕೈಯಿಟ್ಟು, ತೆಗೆದು, ಎದ್ದಳು.

"ನೀನು ಇಲ್ಲೇ ಇರು. ಅವಳ ಬಟ್ಟೆ ತರ್ತೀನಿ."

ಕಟ್ಟಡದ ಹತ್ತಿರ ಬರುವ ಮುಂಚೆಯೇ ಅವಳಿಗೆ ಮಿಕ್ಸರಿನ ಸದ್ದು ಕೇಳಿಸಿತು. ಕಿವಿಯ ಭ್ರಮೆ ಎಂದುಕೊಂಡಳು. ಭ್ರಮೆಯಲ್ಲ. ಗೇಟಿನ ಕಾಂಕ್ರೀಟನ್ನು ಕೆರೆದು ಹಾಕಿದ್ದರು. ರಸ್ತೆಯಾಚೆ, ಗಂಟುಮೂಟೆಗಳ ನಡುವೆ ಅವಳ ಗುಂಪಿನವರು ಕೂತಿದ್ದರು. ನೀರಜ್ಜಿ ಅವಳನ್ನು ನೋಡಿ ಎದ್ದು ಬಂದಳು.

"ನೀವು ಹೋದ ಹಿಂದೇನೇ ಹೊರಗೆ ಹಾಕಿದ್ರು. ಇನ್ನೆಲ್ಲೂ ಕೆಲಸ ಸಿಗದ ಹಾಗೆ ಮಾಡ್ತಾರಂತೆ. ಎಲ್ಲಿಂದ್ಲೋ ಹೊಸ ಗುಂಪು ತಂದಿದಾರೆ. ಹುಡುಗಿ?"

"ಬದುಕಿದಾಳೆ. ಕಾಲು ಗೊತ್ತಿಲ್ಲ."

ನೀರಜ್ಜಿ ಕಣ್ಣು ಮುಚ್ಚಿದಳು. ಮೊಂಡಿ ಗೇಟು ದಾಟಿ ಒಳಗೆ ಹೋದಳು.

ಮೇಲೆ ತಾರಸಿ ಅರ್ಧಕ್ಕೆ ಒಣಗಿ ನಿಂತಿತ್ತು. ಅದಕ್ಕೆ ಒತ್ತಿಕೊಂಡು ಹೊಸ ಹಸಿ ಕಾಂಕ್ರೀಟು ಬೀಳುತ್ತಿತ್ತು. ಹಲಗೆಯ ಮೇಲೆ ಗುರುತಿಲ್ಲದ ಹೆಂಗಸರು. ಅವರ ತಲೆಯ ಮೇಲೆ ಅವೇ ಬಾಂಡ್ಲಿಗಳು. ಕಂಬದ ಮೇಲಿನ ರಕ್ತವನ್ನು ನೀರು ಹಾಕಿ ತೊಳೆದಿದ್ದರು.

ಮೊಂಡಿ ಆ ಕಂಬದ ಬಳಿ ಹೋಗಿ ನಿಂತಳು. ನಿಂತವಳಿಗೆ ಅದು ಕಾಣಿಸಿತು.

ಕೊಯ್ದ ಕಂಬಿಯ ಮೋಟಿಗೆ ಹೊಸ ಕಂಬಿಯೊಂದನ್ನು ಜೋಡಿಸಿ, ತಂತಿ ಸುತ್ತಿ ಕಟ್ಟಿದ್ದರು. ಅಷ್ಟೇ ಎತ್ತರ. ಅದೇ ಜಾಗ. ಕಂಬವನ್ನು ಒಡೆದಿರಲಿಲ್ಲ. ಮತ್ತೆ ಕಟ್ಟಿರಲಿಲ್ಲ. ಒಂದು ತುಂಡು ಕಬ್ಬಿಣ, ನಾಲ್ಕು ಸುತ್ತು ತಂತಿ. ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತಿನ ಕೆಲಸ. ಇಷ್ಟಕ್ಕೆ ಅವರು ಹುಡುಗಿಯನ್ನು ಎಳೆದು ಇಳಿಸಿ ಎಂದಿದ್ದರು. ಹೊಸ ಕಂಬಿಯ ತುದಿ ಓರೆಯಾಗಿತ್ತು, ಬೋಳಾಗಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು.

ಮೊಂಡಿಗೆ ಅಳು ಬರಲಿಲ್ಲ. ಅವಳು ಹಿಂಬದಿಯ ಗುಂಡಿಗೆ ಇಳಿದು ಚೀಲ ಎಳೆದುಕೊಂಡು ಬಂದಳು. ಒಂದು ಬಾಟಲಿ ತೆಗೆದು ಆ ಹೊಸ ಕಂಬಿಗೆ ಬೋರಲು ಹಾಕಿದಳು. ಪಕ್ಕದ ಕಂಬಿಗೆ ಇನ್ನೊಂದು.

"ಏ! ಏನ್ ಮಾಡ್ತಿದೀಯ? ಹೊರಗೆ ಹೋಗು!" ಮೇಸ್ತ್ರಿಯ ದನಿಯಲ್ಲಿ ಬಲವಿರಲಿಲ್ಲ. ಅವಳ ಮೈಮೇಲೆ ಒಣಗಿದ ರಕ್ತವನ್ನು ನೋಡಿ ಅವನು ದೂರದಲ್ಲೇ ನಿಂತಿದ್ದ. ಆಮೇಲೆ ಹಲಗೆಯ ಕಡೆ ತಿರುಗಿ ಕೂಗಿದ. "ಅವಳ ಕಡೆ ನೋಡ್ಬೇಡ್ರೇ! ತಲೆ ಕೆಟ್ಟೋಳು! ಕೈ ನಿಲ್ಲಿಸ್ಬೇಡಿ!"

ಹಲಗೆಯ ತುದಿಯಲ್ಲಿದ್ದ ಹೆಂಗಸು ನೋಡಿದಳು. ಮೊಂಡಿಯ ವಯಸ್ಸಿನವಳೇ. ತುಂಬಿದ ಬಾಂಡ್ಲಿಯ ಕೆಳಗೆ ಕುತ್ತಿಗೆಯ ನರ ಎದ್ದಿತ್ತು. ಅವಳ ಹಿಂದೆ ಎಳೆಯ ಹುಡುಗಿಯೊಬ್ಬಳು ಲೋಳೆಯ ಮೇಲೆ ಬೆರಳು ಒತ್ತಿ ನಿಂತಿದ್ದಳು.

"ಏನಾಯ್ತಕ್ಕಾ ಇಲ್ಲಿ?" ಎಂದಳು ಹೆಂಗಸು.

"ನನ್ನ ನಾದಿನಿ. ಬೆಳಿಗ್ಗೆ. ಈ ಕಂಬಿ," ಎಂದಳು ಮೊಂಡಿ. ತಂತಿ ಸುತ್ತಿದ ಜಾಗವನ್ನು ಮುಟ್ಟಿ ತೋರಿಸಿದಳು. "ನಿನ್ನ ಹಿಂದೆ ಇರೋಳು ಯಾರು?"

ಹೆಂಗಸು ಹಿಂದೆ ತಿರುಗಿ ಹುಡುಗಿಯನ್ನು ನೋಡಿದಳು. ಕೆಳಗೆ ಬಾಟಲಿಯಿಲ್ಲದ ಕಂಬಿಗಳನ್ನು ನೋಡಿದಳು.

"ನಡೀರಿ, ನಡೀರಿ!" ಎಂದು ಮೇಸ್ತ್ರಿ ಕೂಗುತ್ತಲೇ ಇದ್ದ.

ಹೆಂಗಸು ಎರಡು ಕೈಯಿಂದ ಬಾಂಡ್ಲಿ ಎತ್ತಿ ಹಲಗೆಯ ಮೇಲೆ ಇಟ್ಟಳು. ಸಿಂಬೆ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಹುಡುಗಿಯ ಕೈ ಹಿಡಿದು ಹಲಗೆಯಿಂದ ಇಳಿದು ಬಂದು, ಚೀಲದೊಳಗೆ ಕೈ ಹಾಕಿದಳು.

"ಒಂದು ಕೊಡಕ್ಕಾ," ಎಂದಳು.